ಅರಮನೆ ಥಿಯೇಟರ್‌ಗಳಿಗೆ ಸಿನಿಮಾ ಹೇಗೆ ಬರುತ್ತಿತ್ತು?

ಹೋದ ಸಂಚಿಕೆಯಲ್ಲಿ ಒಂದು ಹಳೆಯ ಫೋಟೋ ಬಗ್ಗೆ ಬರೆದಿದ್ದೆ. ನ್ಯೂಯಾರ್ಕಿನ ರಾಕ್ಸಿ ಥಿಯೇಟರನ್ನು 1960ರಲ್ಲಿ ಕೆಡವುವಾಗ, ಒಡೆದ ಗೋಡೆಗಳ ನಡುವೆ ನಟಿ ಗ್ಲೋರಿಯಾ ಸ್ವಾನ್ಸನ್ ಕೈ ಚಾಚಿ ನಿಂತಿರುವ ಫೋಟೋ ಅದು. 1927ರಲ್ಲಿ ಅದೇ ಥಿಯೇಟರ್ ಶುರುವಾದದ್ದು ಅವರ ಸಿನಿಮಾದಿಂದಲೇ. ಅದನ್ನು ಓದಿ ತುಂಬಾ ಜನ ಪತ್ರ ಬರೆದಿದ್ದೀರಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅಮೆರಿಕದ ಹಳೆಯ, ಅರಮನೆಯಂತೆ ಕಟ್ಟಿದ ಭಾರಿ ಥಿಯೇಟರ್‌ಗಳಿಗೆ, ಅಂದರೆ ಮೂವಿ ಪ್ಯಾಲೇಸ್‌ಗಳಿಗೇ ಮೀಸಲು.

ಪ್ರಶ್ನೆ: ಸರ್, ರಾಕ್ಸಿಯಲ್ಲಿ ಸುಮಾರು ಆರು ಸಾವಿರ ಸೀಟು ಇದ್ದವು ಅಂತ ಬರೆದಿದ್ದೀರಿ. ನಂಬೋಕೇ ಆಗುತ್ತಿಲ್ಲ. ಅಷ್ಟು ದೊಡ್ಡದಾಗಿ ಯಾಕೆ ಕಟ್ಟುತ್ತಿದ್ದರು?

ಉತ್ತರ: ನಂಬಿ. ಲೆಕ್ಕ ಹಾಕಿ ಹೇಳುವುದಾದರೆ 5,920 ಸೀಟು. ಅದೊಂದೇ ಅಲ್ಲ, 1932ರ ಡಿಸೆಂಬರಿನಲ್ಲಿ ತೆರೆದ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್ ಕೂಡ ಹೆಚ್ಚುಕಡಿಮೆ ಅಷ್ಟೇ ದೊಡ್ಡದು.

ಅದಕ್ಕೂ ಮೊದಲು ಸಿನಿಮಾ ನಡೆಯುತ್ತಿದ್ದುದು ಅಂಗಡಿ ಮಳಿಗೆಯಂಥ ಕೋಣೆಗಳಲ್ಲಿ. ಐದು ಸೆಂಟು ಕೊಟ್ಟು ಮರದ ಕುರ್ಚಿಯಲ್ಲಿ ಕೂತು ನೋಡಬೇಕು. ಅದು ಕೆಲಸಗಾರರ ಮನರಂಜನೆ ಅಂತ ಸ್ವಲ್ಪ ಅನುಕೂಲಸ್ಥ ಮನೆಯವರು ದೂರ ಇರುತ್ತಿದ್ದರು. ಅವರನ್ನು ಒಳಗೆ ಕರೆಯಬೇಕು ಅಂದರೆ ಕಟ್ಟಡವೇ ಬೇರೆ ಥರ ಇರಬೇಕು ಅನ್ನೋದು ಕೆಲವರಿಗೆ ಹೊಳೆಯಿತು. 1914ರಲ್ಲಿ ಬ್ರಾಡ್‌ವೇಯಲ್ಲಿ ಸ್ಟ್ರಾಂಡ್ ಥಿಯೇಟರ್ ಬಂತು, ಸುಮಾರು ಮೂರು ಸಾವಿರ ಸೀಟಿನದು. ಅದು ಗೆದ್ದ ಮೇಲೆ ಎಲ್ಲ ದೊಡ್ಡ ಊರುಗಳಲ್ಲೂ ಪೈಪೋಟಿ. ಒಬ್ಬರು ಅಮೃತಶಿಲೆಯ ಮೆಟ್ಟಿಲು ಕಟ್ಟಿಸಿದರೆ ಇನ್ನೊಬ್ಬರು ಈಜಿಪ್ಟಿನ ದೇವಾಲಯದ ಹಾಗೆ ಕಂಬ ನಿಲ್ಲಿಸಿದರು. ಜಾನ್ ಎಬರ್‌ಸನ್ ಅನ್ನುವ ವಾಸ್ತುಶಿಲ್ಪಿ ಚಾವಣಿಯನ್ನೇ ರಾತ್ರಿಯ ಆಕಾಶ ಮಾಡಿಬಿಟ್ಟರು. ನೀಲಿ ಬಣ್ಣ, ಮಿನುಗುವ ಪುಟ್ಟ ದೀಪಗಳ ನಕ್ಷತ್ರ, ಯಂತ್ರದಿಂದ ಮೂಡಿಸಿದ ತೇಲುವ ಮೋಡ. ತಲೆ ಎತ್ತಿದರೆ ಬಯಲಿನಲ್ಲಿ ಕೂತ ಹಾಗೆ!

ನನಗೆ ಇವೆಲ್ಲಕ್ಕಿಂತ ಜಾಸ್ತಿ ಮುಖ್ಯ ಅನ್ನಿಸೋದು ತಂಪು ಗಾಳಿ. ಮೊದಲೆಲ್ಲ ಬೇಸಿಗೆಯಲ್ಲಿ ಸೆಕೆಗೆ ಜನ ಬಾರದೆ ಎಷ್ಟೋ ಥಿಯೇಟರ್ ಮುಚ್ಚಿರುತ್ತಿದ್ದವು. ಷಿಕಾಗೋದಲ್ಲಿ ಬಲಬಾನ್ ಮತ್ತು ಕಾಟ್ಜ್ ಎಂಬ ಜೋಡಿ 1917ರಲ್ಲಿ ಸೆಂಟ್ರಲ್ ಪಾರ್ಕ್ ಥಿಯೇಟರ್ ಕಟ್ಟಿಸಿ ಅಲ್ಲಿ ತಂಪು ಮಾಡುವ ಯಂತ್ರ ಹಾಕಿಸಿದರು. ಬೇಸಿಗೆಯೇ ಸುಗ್ಗಿಯಾಯಿತು. ಮನೆಯಲ್ಲಿ ಬೇಯುವ ಜನಕ್ಕೆ ಯಾವ ಸಿನಿಮಾ ಅನ್ನೋದು ಆಮೇಲಿನ ಮಾತು, ಎರಡು ಗಂಟೆ ತಣ್ಣಗೆ ಕೂರಬಹುದಲ್ಲ.

ಆದರೆ ಇದರ ಖರ್ಚು ನೋಡಿ. ರಾಕ್ಸಿಯಲ್ಲಿ ನೂರಕ್ಕೂ ಹೆಚ್ಚು ವಾದ್ಯಗಾರರ ತಂಡ, ನೃತ್ಯದವರು, ದೊಡ್ಡ ಆರ್ಗನ್, ಸೈನಿಕರಂತೆ ತರಬೇತಿ ಪಡೆದ, ಸೀಟು ತೋರಿಸುವ ಹುಡುಗರು. ಇವರಿಗೆಲ್ಲ ವಾರ ವಾರ ಸಂಬಳ. ಅಂಥ ಥಿಯೇಟರ್ ಬದುಕಬೇಕು ಅಂದರೆ ಊರಿನಲ್ಲಿ ಬೇರೆಲ್ಲೂ ಸಿಗದ ಹೊಸ ಸಿನಿಮಾ ಅಲ್ಲಿಗೇ ಮೊದಲು ಬರಬೇಕು.

ಪ್ರಶ್ನೆ: ಅಷ್ಟು ದೊಡ್ಡ ಥಿಯೇಟರಿನ ಮಾಲೀಕರು ತಮಗೆ ಬೇಕಾದ ಸಿನಿಮಾ ಆರಿಸಿಕೊಳ್ಳಬಹುದಿತ್ತು ಅಲ್ವಾ? ಬ್ಲಾಕ್ ಬುಕಿಂಗ್ ಅಂತ ಎಲ್ಲೋ ಓದಿದ್ದೆ, ಅದೇನು?

ಉತ್ತರ: ಒಳ್ಳೆ ಪ್ರಶ್ನೆ, ಇದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಬ್ಲಾಕ್ ಬುಕಿಂಗ್ ಅಂದರೆ ಗಂಟು ವ್ಯಾಪಾರ. ನಿಮಗೆ ಆಗಿನ ಜನಪ್ರಿಯ ನಟಿ ಮೇರಿ ಪಿಕ್‌ಫರ್ಡ್ ಸಿನಿಮಾ ಬೇಕು. ಪ್ಯಾರಮೌಂಟ್ ಸ್ಟುಡಿಯೋದ ಅಡಾಲ್ಫ್ ಜ಼ೂಕರ್ ಕೊಡುತ್ತಾರೆ, ಆದರೆ ಅದೊಂದನ್ನೇ ಅಲ್ಲ. ಅದರ ಜೊತೆ ಅವರ ಬೇರೆ ಸಿನಿಮಾಗಳನ್ನೂ ತೆಗೆದುಕೊಳ್ಳಬೇಕು. ಬರಬರುತ್ತಾ ಒಂದು ಇಡೀ ವರ್ಷದ ಐವತ್ತು ಸಿನಿಮಾಗಳಿಗೂ ಒಟ್ಟಿಗೆ ಸಹಿ ಹಾಕುವ ಪರಿಸ್ಥಿತಿ ಬಂತು. ಅದರಲ್ಲಿ ಎಷ್ಟೋ ಸಿನಿಮಾಗಳ ಶೂಟಿಂಗೇ ಆಗಿರುತ್ತಿರಲಿಲ್ಲ, ಒಪ್ಪಂದದಲ್ಲಿ ಬರೀ ಯಾರು ನಟಿಸುತ್ತಾರೆ ಅನ್ನೋದು ಮಾತ್ರ ಇರುತ್ತಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸಂತೆ ಮಾಡಿದ ಹಾಗೆ.

ಥಿಯೇಟರಿನವರು ಸುಮ್ನೆ ಕೂರಲಿಲ್ಲ. 1917ರಲ್ಲಿ ದೊಡ್ಡ ದೊಡ್ಡ ಮಾಲೀಕರೇ ಸೇರಿ ಫಸ್ಟ್ ನ್ಯಾಷನಲ್ ಅಂತ ಕಂಪನಿ ಮಾಡಿಕೊಂಡು ಚಾಪ್ಲಿನ್ ಅವರನ್ನು, ಆಮೇಲೆ ಪಿಕ್‌ಫರ್ಡ್ ಅವರನ್ನೂ ತಮ್ಮ ಕಡೆ ಸೆಳೆದುಕೊಂಡರು. ಜ಼ೂಕರ್ ಅದಕ್ಕೆ ಕೊಟ್ಟ ಉತ್ತರವೇ ಮುಂದಿನ ಮೂವತ್ತು ವರ್ಷದ ಕಥೆ: ಥಿಯೇಟರಿನವರು ಸಿನಿಮಾ ಮಾಡಿಸಿದರೆ ನಾವು ಥಿಯೇಟರ್ ಕೊಳ್ಳುತ್ತೇವೆ ಅಂತ 1919ರಿಂದ ಸಾಲು ಸಾಲಾಗಿ ಕೊಳ್ಳುತ್ತಾ ಹೋದರು. ಇತ್ತ ಥಿಯೇಟರ್ ಮಾಲೀಕರಾಗಿದ್ದ ಮಾರ್ಕಸ್ ಲೋ 1920ರಲ್ಲಿ ಮೆಟ್ರೋ ಸ್ಟುಡಿಯೋ ಕೊಂಡರು, 1924ರಲ್ಲಿ ಅದೇ ಎಂಜಿಎಂ ಆಯಿತು. ರಾಕ್ಸಿಯನ್ನು ವಿಲಿಯಂ ಫಾಕ್ಸ್ ಕೊಂಡರು. ಹೀಗೆ ಪ್ಯಾರಮೌಂಟ್, ಎಂಜಿಎಂ, ಫಾಕ್ಸ್, ವಾರ್ನರ್, ಆರ್‌ಕೆಓ ಈ ಐವರ ಕೈಯಲ್ಲಿ ಸಿನಿಮಾನೂ ಇತ್ತು, ಅರಮನೆಗಳೂ ಇದ್ದವು.

ಇಲ್ಲೊಂದು ಲೆಕ್ಕ ಗಮನಿಸಿ. ವಾರಕ್ಕೊಂದು ಸಿನಿಮಾ ಬದಲಾಯಿಸುವ ಪ್ಯಾಲೇಸಿಗೆ ವರ್ಷಕ್ಕೆ 52 ಸಿನಿಮಾ ಬೇಕು. ವಾರಕ್ಕೆ ಎರಡು ಸಲ ಬದಲಾಯಿಸುವ ಬಡಾವಣೆಯ ಥಿಯೇಟರಿಗೆ 104. ಒಂದು ದೊಡ್ಡ ಸ್ಟುಡಿಯೋ ವರ್ಷಕ್ಕೆ ಮಾಡುತ್ತಿದ್ದುದೇ ಸುಮಾರು ಐವತ್ತು. ಹಾಗಾಗಿ ಐದು ಕಂಪನಿಗಳೂ ಹೊರಗೆ ಪೈಪೋಟಿ ಮಾಡಿದರೂ ಒಬ್ಬರ ಸಿನಿಮಾಕ್ಕೆ ಇನ್ನೊಬ್ಬರ ಥಿಯೇಟರ್ ಬೇಕೇ ಬೇಕಿತ್ತು. ನ್ಯೂಯಾರ್ಕಿನಲ್ಲಿ ಎಂಜಿಎಂ ಬಲ, ಷಿಕಾಗೋದಲ್ಲಿ ಬಲಬಾನ್ ಮತ್ತು ಕಾಟ್ಜ್ ಸರಣಿ ಕೈಸೇರಿದ ಮೇಲೆ ಪ್ಯಾರಮೌಂಟ್ ಬಲ. ನೀನು ಅಲ್ಲಿ ನನ್ನ ಸಿನಿಮಾ ಹಾಕು, ನಾನು ಇಲ್ಲಿ ನಿನ್ನದು ಹಾಕುತ್ತೇನೆ. ತಮ್ಮ ತಮ್ಮಲ್ಲಿ ಮಾತ್ರ ಬೇಡದ ಸಿನಿಮಾ ಬಿಡುವ ಸಡಿಲಿಕೆ ಇತ್ತು. ಗಂಟನ್ನು ಪೂರ್ತಿ ಹೊರಬೇಕಾದವರು ಒಂಟಿ ಥಿಯೇಟರ್ ನಡೆಸುವ ಸಣ್ಣ ಮಾಲೀಕರು. ಈ ಕಥೆಯಲ್ಲಿ ನನ್ನ ಮನಸ್ಸು ಯಾವಾಗಲೂ ಅವರ ಕಡೆಗೇ.

ಪ್ರಶ್ನೆ: ಪ್ಯಾಲೇಸಿನಲ್ಲಿ ಓಡಿದ ಸಿನಿಮಾ ಅದೇ ಊರಿನ ಬೇರೆ ಥಿಯೇಟರಿಗೆ ಬರೋಕೆ ವಾರಗಟ್ಟಲೆ ಯಾಕೆ ಕಾಯಬೇಕಿತ್ತು? ಪ್ರಿಂಟ್ ಇರಲಿಲ್ಲವಾ?

ಉತ್ತರ: ಪ್ರಿಂಟೂ ಕಡಿಮೆಯೇ. ಇಡೀ ದೇಶಕ್ಕೆ ಕೆಲವೇ ನೂರು. ಒಂದು ಥಿಯೇಟರಿನಲ್ಲಿ ಮುಗಿದ ರೀಲುಗಳು ಡಬ್ಬದಲ್ಲಿ ಆ ಭಾಗದ ಹಂಚಿಕೆ ಕಚೇರಿಗೆ ವಾಪಸ್ ಹೋಗಬೇಕು, ಅಲ್ಲಿ ಹರಿದದ್ದನ್ನು ಅಂಟಿಸಿ, ಪರೀಕ್ಷಿಸಿ, ಮುಂದಿನ ಥಿಯೇಟರಿಗೆ ಕಳಿಸಬೇಕು. ಆಗಿನ ನೈಟ್ರೇಟ್ ಫಿಲ್ಮು ಬೇಗ ಬೆಂಕಿ ಹತ್ತಿಕೊಳ್ಳುವಂಥದ್ದು, ಹಾಗಾಗಿ ಸಾಗಿಸುವಾಗ, ಇಡುವಾಗ ತುಂಬಾ ಎಚ್ಚರ ಬೇಕಿತ್ತು.

ಆದರೆ ನಿಜವಾದ ಕಾರಣ ಪ್ರಿಂಟ್ ಅಲ್ಲ, ಕ್ಲಿಯರೆನ್ಸ್. ಊರನ್ನು ವಲಯಗಳಾಗಿ ಹಂಚಿ, ಯಾವ ಥಿಯೇಟರಿಗೆ ಎಷ್ಟನೇ ಸರದಿ ಅಂತ ಗೊತ್ತು ಮಾಡುತ್ತಿದ್ದರು. ಮೊದಲ ಸರದಿ ಪೇಟೆ ನಡುವಿನ ಪ್ಯಾಲೇಸಿಗೆ. ಅದು ಮುಗಿದ ಮೇಲೆ ಇಷ್ಟು ದಿನ ಊರಿನಲ್ಲಿ ಯಾರೂ ಆ ಸಿನಿಮಾ ಹಾಕುವ ಹಾಗಿಲ್ಲ. ಆಮೇಲೆ ಎರಡನೇ ಸರದಿ, ಮೂರನೆಯದು, ಹೀಗೆ ಇಳಿಯುತ್ತಾ ಟಿಕೆಟ್ ದರವೂ ಇಳಿಯುತ್ತದೆ. ಬೇಗ ನೋಡಬೇಕಾ, ಜಾಸ್ತಿ ಕೊಡಿ. ಕಾಯುತ್ತೀರಾ, ಅಗ್ಗಕ್ಕೆ ನೋಡಿ. ಪ್ಯಾಲೇಸಿನ ದುಡ್ಡೆಲ್ಲ ಆ ಕಾಯಿಸುವ ದಿನಗಳಲ್ಲಿತ್ತು.

ಷಿಕಾಗೋದ ಜ್ಯಾಕ್ಸನ್ ಪಾರ್ಕ್ ಎಂಬ ಬಡಾವಣೆ ಥಿಯೇಟರಿನವರು ಇದನ್ನು ಪ್ರಶ್ನಿಸಿ ಕೋರ್ಟಿಗೆ ಹೋದರು. ಸರದಿಯಲ್ಲಿ ನಮ್ಮನ್ನು ಹಿಂದೆ ತಳ್ಳಿ ಸ್ಟುಡಿಯೋಗಳು ತಮ್ಮ ಥಿಯೇಟರ್‌ಗಳನ್ನು ಮುಂದಿಟ್ಟಿವೆ ಅನ್ನೋದು ಅವರ ದೂರು. 1946ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಜ್ಯೂರಿ ಕೊಟ್ಟಿದ್ದ 1,20,000 ಡಾಲರ್ ಪರಿಹಾರ ಕಾನೂನಿನ ಪ್ರಕಾರ ಮೂರು ಪಟ್ಟಾಗಿ 3,60,000 ಆಯಿತು. ಆಮೇಲೆ ಬಂದ ಆದೇಶದಲ್ಲಿ, ಪೇಟೆ ನಡುವಿನ ಸ್ಟುಡಿಯೋ ಥಿಯೇಟರ್‌ಗಳು ಒಂದು ಸಿನಿಮಾವನ್ನು ಎರಡು ವಾರಕ್ಕಿಂತ ಹೆಚ್ಚು ಓಡಿಸುವಂತಿಲ್ಲ ಅಂತ ಕಟ್ಟುಪಾಡು ಬಂತು.

ಪ್ರಶ್ನೆ: 1948ರ ತೀರ್ಪಿನಿಂದ ಸ್ಟುಡಿಯೋಗಳ ಹಿಡಿತ ಹೋಯಿತು ಅಂತಾರೆ. ಹಾಗಾದರೆ ಥಿಯೇಟರ್‌ಗಳಿಗೆ ಒಳ್ಳೆಯದಾಗಬೇಕಿತ್ತು. ಪ್ಯಾಲೇಸ್‌ಗಳು ಮುಚ್ಚಿದ್ದು ಯಾಕೆ? ಟಿವಿಯಿಂದಲೇ?

ಉತ್ತರ: ಟಿವಿ ದೊಡ್ಡ ಕಾರಣ, ಅದೊಂದೇ ಅಲ್ಲ. ಮೊದಲು ತೀರ್ಪಿನ ವಿಷಯ. ಅದು ಸ್ಟುಡಿಯೋಗಳ ಮೇಲೆ ಅಮೆರಿಕ ಸರ್ಕಾರ ಹೂಡಿದ್ದ ಮೊಕದ್ದಮೆ. ಅದರ ಅಂಕಿಗಳನ್ನು ನೋಡಿದರೆ ಹಿಡಿತ ಎಲ್ಲಿತ್ತು ಅನ್ನೋದು ಗೊತ್ತಾಗುತ್ತದೆ. ಐದು ಕಂಪನಿಗಳ ಪಾಲು ದೇಶದ ಥಿಯೇಟರ್‌ಗಳಲ್ಲಿ ಶೇ. 17ರಷ್ಟು ಮಾತ್ರ. ಆದರೆ ಒಂದು ಲಕ್ಷಕ್ಕಿಂತ ಹೆಚ್ಚು ಜನರಿರುವ ಊರುಗಳ ಮೊದಲ ಸರದಿ ಥಿಯೇಟರ್‌ಗಳಲ್ಲಿ ಶೇ. 70. ಅಂದರೆ ಆಯಕಟ್ಟಿನ ಜಾಗವೆಲ್ಲ ಅವರದ್ದೇ. 1948ರ ಮೇ 3ರಂದು ಸುಪ್ರೀಂ ಕೋರ್ಟ್ ಬ್ಲಾಕ್ ಬುಕಿಂಗ್ ತಪ್ಪು ಅಂತ ಹೇಳಿತು. ಮುಂದಿನ ವರ್ಷಗಳಲ್ಲಿ ಸ್ಟುಡಿಯೋಗಳು ಥಿಯೇಟರ್‌ಗಳಿಂದ ಬೇರೆಯಾಗಲೇಬೇಕಾಯಿತು, ಎಂಜಿಎಂ ಎಳೆದೂ ಎಳೆದೂ 1959ರಲ್ಲಿ. ಪ್ಯಾರಮೌಂಟಿನಿಂದ ಬೇರೆಯಾದ ಥಿಯೇಟರ್ ಕಂಪನಿಯಂತೂ 1953ರಲ್ಲಿ ಎಬಿಸಿ ಟಿವಿ ಜಾಲದ ಜೊತೆಗೇ ಸೇರಿಕೊಂಡಿತು.

ಗಂಟು ಹೋಯಿತು, ನಿಜ. ಜೊತೆಗೆ ವಾರ ವಾರ ತಪ್ಪದೆ ಸಿನಿಮಾ ಬರುತ್ತದೆ ಅನ್ನುವ ಭರವಸೆಯೂ ಹೋಯಿತು. ಹೇಗಿದ್ದರೂ ಕೊಳ್ಳುವವರಿದ್ದಾರೆ ಅನ್ನುವ ಧೈರ್ಯ ಇಲ್ಲದ ಮೇಲೆ ಸ್ಟುಡಿಯೋಗಳು ಕಡಿಮೆ ಸಿನಿಮಾ ಮಾಡತೊಡಗಿದವು. 1946ರಲ್ಲಿ ತುತ್ತತುದಿಗೆ ಏರಿದ್ದ ಪ್ರೇಕ್ಷಕರ ಸಂಖ್ಯೆ ಇಳಿಯುತ್ತಿತ್ತು, ಜನ ಪೇಟೆ ಬಿಟ್ಟು ಊರಾಚೆಯ ಹೊಸ ಬಡಾವಣೆಗಳಿಗೆ ಹೋಗುತ್ತಿದ್ದರು, ಪೇಟೆಯಲ್ಲಿ ಕಾರು ನಿಲ್ಲಿಸೋಕೆ ಜಾಗವಿಲ್ಲ. 1953ರ ಸೆಪ್ಟೆಂಬರಿನಲ್ಲಿ ರಾಕ್ಸಿ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರ ಹಾಕಿ ಜನರನ್ನು ಮತ್ತೆ ಕರೆತಂದಿತು. ಏಳು ವರ್ಷ ಆಗುವುದರೊಳಗೆ ಅದರ ಗೋಡೆ ಒಡೆಯುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ಫಾಕ್ಸ್ ಥಿಯೇಟರಿಗೂ 1963ರಲ್ಲಿ ಅದೇ ಗತಿ.

ಆದರೂ ಕೊನೆಯ ಪೆಟ್ಟು ಬುಕಿಂಗ್‌ನಿಂದಲೇ ಬಿತ್ತು ಅಂತ ನಾನು ಹೇಳುತ್ತೇನೆ. 1962ರಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ಎಂಬ ಸಿನಿಮಾ ಕಂಪನಿ ನ್ಯೂಯಾರ್ಕಿನಲ್ಲಿ ಹೊಸ ಸಿನಿಮಾವನ್ನು ಬಡಾವಣೆ ಥಿಯೇಟರ್‌ಗಳಲ್ಲೂ ಒಟ್ಟಿಗೆ ಬಿಡುಗಡೆ ಮಾಡಿ ನೋಡಿತು. 1975ರಲ್ಲಿ ಜಾಸ್ ಎಂಬ ಸಿನಿಮಾ ದೇಶದ 409 ಥಿಯೇಟರ್‌ಗಳಲ್ಲಿ ಒಂದೇ ದಿನ ತೆರೆಕಂಡಿತು. ಮನೆ ಪಕ್ಕದಲ್ಲೇ ಮೊದಲ ದಿನ ಸಿನಿಮಾ ಸಿಕ್ಕರೆ ಪೇಟೆಗೆ ಯಾರು ಹೋಗುತ್ತಾರೆ ಹೇಳಿ. ರೇಡಿಯೋ ಸಿಟಿಯ ಕಷ್ಟವೂ ಇದೇ. ಆ ಒಂದು ಹಾಲ್‌ಗೆ ಮಾತ್ರ ಅಂತ ಸಿನಿಮಾ ಕೊಡುವವರು ಕಡಿಮೆಯಾದರು, ಮನೆಮಂದಿಯೆಲ್ಲ ಕೂತು ನೋಡುವಂಥ ಚಿತ್ರಗಳೂ ಕಡಿಮೆಯಾದವು. 1978ರಲ್ಲಿ ಮುಚ್ಚುತ್ತೇವೆ ಅಂದೇಬಿಟ್ಟಿದ್ದರು. ಜನ ಬಿಡಲಿಲ್ಲ, ಒಳಾಂಗಣಕ್ಕೆ ಸಂರಕ್ಷಿತ ಸ್ಥಾನ ಸಿಕ್ಕಿತು, ಕಟ್ಟಡ ಉಳಿಯಿತು. ಸಿನಿಮಾದ ಜೊತೆ ವೇದಿಕೆ ಕಾರ್ಯಕ್ರಮ ನಡೆಸುವ ಪದ್ಧತಿ ಮಾತ್ರ 1979ಕ್ಕೆ ನಿಂತಿತು.

ಪ್ರಶ್ನೆ: ಈಗಲೂ ಒಳಗೆ ಹೋಗಿ ಕೂರಬಹುದಾದಂಥವು ಉಳಿದಿವೆಯಾ?

ಉತ್ತರ: ಇವೆ. ಅಟ್ಲಾಂಟಾದ ಫಾಕ್ಸ್ ಇದೆ, 1970ರ ದಶಕದಲ್ಲಿ ಊರಿನ ಜನರೇ ಹಣ ಕೂಡಿಸಿ ಉಳಿಸಿಕೊಂಡದ್ದು. 1921ರ ಷಿಕಾಗೋ ಥಿಯೇಟರ್ ಇದೆ. ಬ್ರೂಕ್ಲಿನ್‌ನ ಕಿಂಗ್ಸ್ ಥಿಯೇಟರ್ 1977ರಲ್ಲಿ ಮುಚ್ಚಿ, ಮಳೆ ಸೋರಿ ಹಾಳಾಗಿ, 2015ರಲ್ಲಿ ಮತ್ತೆ ತೆರೆಯಿತು. ಈ ಮೂರರಲ್ಲೂ ಈಗ ಹೆಚ್ಚಾಗಿ ಸಂಗೀತ ಮತ್ತು ವೇದಿಕೆ ಕಾರ್ಯಕ್ರಮಗಳು.

ಪ್ರಶ್ನೆ: ಒಂದು ಹಳೆಯ ಥಿಯೇಟರಿನಲ್ಲಿ ಯಾವ ವಾರ ಯಾವ ಸಿನಿಮಾ ಓಡಿತು ಅಂತ ಕಂಡುಹಿಡಿಯುವುದು ಹೇಗೆ? ನನಗೆ ಅದರ ಹುಚ್ಚು ಹಿಡಿದಿದೆ.

ಉತ್ತರ: ಆ ಹುಚ್ಚು ನನಗೂ ಇದೆ! ಮೊದಲ ಆಧಾರ ಆ ಊರಿನ ದಿನಪತ್ರಿಕೆಯ ಜಾಹೀರಾತು ಪುಟ. ಎರಡನೆಯದು ಸಿನಿಮಾ ವ್ಯಾಪಾರದ ಪತ್ರಿಕೆಗಳು. ವೆರೈಟಿ ವಾರ ವಾರ ದೊಡ್ಡ ಊರುಗಳ ಒಂದೊಂದು ಥಿಯೇಟರಿನ ಹೆಸರು, ಸೀಟು, ಟಿಕೆಟ್ ದರ, ಸಿನಿಮಾ, ಗಳಿಕೆ ಎಲ್ಲ ಬರೆಯುತ್ತಿತ್ತು. ಸಣ್ಣ ಊರಿನ ಮಾಲೀಕರು ಏನಂದುಕೊಂಡರು ಅಂತ ತಿಳಿಯಬೇಕಾದರೆ ಮೋಷನ್ ಪಿಕ್ಚರ್ ಹೆರಾಲ್ಡ್ ನೋಡಿ. ಈ ಸಿನಿಮಾ ನಮ್ಮಲ್ಲಿ ಓಡಿತು, ಇದಕ್ಕೆ ಜನ ಎದ್ದು ಹೋದರು ಅಂತ ಅವರೇ ಬರೆದ ಪತ್ರಗಳ ಅಂಕಣ ಅದರಲ್ಲಿದೆ. ನನಗಂತೂ ಅದನ್ನು ಓದಲು ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಇಂಥ ಹಳೆಯ ಪತ್ರಿಕೆಗಳ ಎಷ್ಟೋ ಸಂಪುಟಗಳನ್ನು ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿ ಉಚಿತವಾಗಿ ಓದಲು ಇಟ್ಟಿದೆ.

ಒಂದು ಎಚ್ಚರಿಕೆ. ಮುಂದಿನ ವಾರ ಬರಲಿದೆ ಅನ್ನುವ ಜಾಹೀರಾತನ್ನು ಮಾತ್ರ ನಂಬಬೇಡಿ. ಓಡುತ್ತಿರುವ ಸಿನಿಮಾ ಚೆನ್ನಾಗಿ ಗಳಿಸಿದರೆ ಅದನ್ನೇ ಇನ್ನೊಂದು ವಾರ ಉಳಿಸಿಕೊಂಡು, ಬರಬೇಕಾದದ್ದನ್ನು ಮುಂದೆ ಹಾಕುತ್ತಿದ್ದರು. ಹಾಗಾಗಿ ಅದೇ ವಾರದ ಜಾಹೀರಾತು, ಅದರ ಮುಂದಿನ ವಾರದ ಗಳಿಕೆ ಪಟ್ಟಿ, ಎರಡೂ ಹೊಂದಿದರೆ ಮಾತ್ರ ದಿನಾಂಕ ಬರೆದುಕೊಳ್ಳಿ.