ಖಾಲಿ ಸರ್ವರಿಗೇ ಕಳಿಸಿದರೂ ಲೋಡ್ ಸಮವಾಗದಿರುವುದು ಏಕೆ?

ಐದು ಎಡ್ಜ್ ಸರ್ವರ್‌ಗಳಿವೆ (ಬಳಕೆದಾರರ ಹತ್ತಿರದಲ್ಲೇ ಇಟ್ಟು ಫೋನಿನ ಕೆಲಸ ಮಾಡಿಕೊಡುವ ಸರ್ವರ್‌ಗಳು), ಪ್ರತಿ ಕೆಲಸವನ್ನೂ ಅತಿ ಕಡಿಮೆ ಲೋಡ್ ಇರುವ ಕಡೆಗೇ ಕಳಿಸುತ್ತೇನೆ, ಆದರೂ ಸರದಿ ಪ್ರಕಾರ ಒಂದೊಂದೇ ಸರ್ವರ್ ಉಸಿರುಗಟ್ಟುತ್ತಿದೆ ಅಂದಿದ್ದೀರಿ. ತಪ್ಪು ಸರ್ವರ್‌ಗಳದ್ದಲ್ಲ, ಹಳಸಿದ ಮಾಹಿತಿಯದ್ದು. ನಿಮ್ಮಲ್ಲಿ ಲೋಡ್ ವರದಿ ಬರುವುದು 1 ಸೆಕೆಂಡಿಗೊಮ್ಮೆ, ಒಂದು ಕೆಲಸ ಮುಗಿಯುವುದು 20 ಮಿಲಿಸೆಕೆಂಡಿನಲ್ಲಿ. ಆ ಇಡೀ ಸೆಕೆಂಡು ಎಲ್ಲ ಬೇಸ್ ಸ್ಟೇಷನ್‌ಗಳೂ (ಫೋನಿನ ಕೆಲಸವನ್ನು ಸರ್ವರಿಗೆ ದಾಟಿಸುವ ಮೊಬೈಲ್ ಟವರ್‌ಗಳು) ಅದೇ 'ಖಾಲಿ' ಸರ್ವರಿನ ಮೇಲೆ ಮುಗಿಬೀಳುತ್ತವೆ.

ಮೊದಲು ಇಷ್ಟು ಮಾಡಿ: ಪ್ರತಿ ಕೆಲಸಕ್ಕೂ ಕಣ್ಣುಮುಚ್ಚಿ ಯಾವುದಾದರೂ ಎರಡು ಸರ್ವರ್ ಆರಿಸಿ, ಅವೆರಡರಲ್ಲಿ ಕ್ಯೂ (ಕಾಯುತ್ತಿರುವ ಕೆಲಸಗಳ ಸಾಲು) ಚಿಕ್ಕದಿರುವುದಕ್ಕೆ ಕಳಿಸಿ. ಕೊನೆಯ ವರದಿಯ ನಂತರ ನೀವೇ ಕಳಿಸಿದ ಕೆಲಸಗಳನ್ನೂ ಎಣಿಸಿ ಆ ಕ್ಯೂಗೆ ಕೂಡಿಸಿಕೊಳ್ಳಿ. ಇವೆರಡರಿಂದಲೇ ಏರಿಳಿತ ಬಹಳಷ್ಟು ತಗ್ಗುತ್ತದೆ.

ಸಿಪಿಯು ಬಳಕೆ ಶೇ. 90 ಆದರೂ ಪರವಾಗಿಲ್ಲ ಅಂದುಕೊಳ್ಳಬೇಡಿ. ಸರಳ ಕ್ಯೂ ಲೆಕ್ಕದಲ್ಲಿ ಶೇ. 80ರಿಂದ 90ಕ್ಕೆ ಏರಿದರೆ ಸರಾಸರಿ ವಿಳಂಬ ಇಮ್ಮಡಿಯಾಗುತ್ತದೆ.

ಸಾಗಣೆಯ ಹೊತ್ತನ್ನು ಮರೆಯಲೇಬೇಡಿ. 2 ಮೆಗಾಬೈಟ್ ಚಿತ್ರವನ್ನು 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್; 1 ಬೈಟ್ ಅಂದರೆ 8 ಬಿಟ್) ಲಿಂಕಿನಲ್ಲಿ ಪಕ್ಕದ ಸರ್ವರಿಗೆ ದಾಟಿಸಲು 160 ಮಿಲಿಸೆಕೆಂಡ್ ಬೇಕು. ಅದರ ಬದಲು ಇಲ್ಲೇ ಕ್ಯೂನಲ್ಲಿ 90 ಮಿಲಿಸೆಕೆಂಡ್ ಕಾಯುವುದೇ ಲಾಭ.

ಫೋನ್ ಸೆಲ್ (ಒಂದು ಬೇಸ್ ಸ್ಟೇಷನ್ನಿನ ವ್ಯಾಪ್ತಿ) ಬದಲಿಸಿತೆಂದು ಅರ್ಧ ಮುಗಿದ ಚಿಕ್ಕ ಕೆಲಸವನ್ನು ಎತ್ತಿ ಸಾಗಿಸಬೇಡಿ, ಉತ್ತರವನ್ನಷ್ಟೇ ಹೊಸ ಸೆಲ್ಲಿಗೆ ಕಳಿಸಿ.