ಕೊಲೆ ಎಲ್ಲಿ ಅಂತ ಕೇಳುವವರಿಗೆ

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: ‘ನಾನೊಂದು ಸಸ್ಪೆನ್ಸ್ ಕಾದಂಬರಿ ಬರೆಯುತ್ತಿದ್ದೇನೆ. ಮಾಟುಂಗದಲ್ಲಿ ಸ್ವಂತ ಫ್ಲಾಟ್ ಇರುವ ಹೆಂಗಸು. ಹಾವೇರಿಯಿಂದ ಕೆಲಸಕ್ಕೆ ಬಂದು ಅವಳ ಮನೆಯಲ್ಲೇ ಉಳಿದ ಗೆಳತಿ. ಒಬ್ಬಳು ಕೊಡುತ್ತಲೇ ಇರುತ್ತಾಳೆ, ಇನ್ನೊಬ್ಬಳು ಕುಗ್ಗುತ್ತಲೇ ಹೋಗುತ್ತಾಳೆ. ಇದನ್ನು ಓದಿದ ನನ್ನ ಗಂಡ, ಕೊಲೆ ಎಲ್ಲಿ ಅಂತ ಕೇಳಿದರು. ಅಷ್ಟು ಕಷ್ಟವಾದರೆ ಹುಡುಗಿ ಮನೆ ಬಿಟ್ಟು ಹೋಗಬಾರದೇ ಅಂತಲೂ ಕೇಳಿದರು. ಏನು ಮಾಡಲಿ?’ ಜೊತೆಗೆ ಬರೆದಷ್ಟು ಅಧ್ಯಾಯಗಳನ್ನೂ ಕಳಿಸಿದ್ದಾರೆ.

ಮೇಡಂ, ಎರಡನೇ ಪ್ರಶ್ನೆಯಿಂದ ಶುರು ಮಾಡೋಣ. ಕೊಲೆಗೆ ಅವಸರವಿಲ್ಲ.

ಮನೆ ಬಿಟ್ಟು ಎಲ್ಲಿಗೆ ಹೋಗುತ್ತಾಳೆ? ಮುಂಬೈಯಲ್ಲಿ ಒಂಟಿ ಹುಡುಗಿ ಬಾಡಿಗೆ ಮನೆ ಹುಡುಕುವುದನ್ನು ನಿಮ್ಮ ಯಜಮಾನರು ನೋಡಿಲ್ಲ ಅನಿಸುತ್ತದೆ. ಡಿಪಾಸಿಟ್, ದಲಾಲಿ, ಸೊಸೈಟಿಯವರ ಪ್ರಶ್ನೆಗಳು, 11 ತಿಂಗಳಿಗೊಮ್ಮೆ ಮತ್ತೆ ಅದೇ ಪಾಡು. ಆದರೆ ಕಾರಣ ಇಷ್ಟೇ ಆದರೆ ನಿಮ್ಮದು ಮನೆ ಸಮಸ್ಯೆಯ ಕಾದಂಬರಿ ಆಗಿಬಿಡುತ್ತದೆ.

ಪಂಪನ ಕರ್ಣನನ್ನು ನೆನೆಯಿರಿ. ದುರ್ಯೋಧನನ ಹೆಂಡತಿ ಭಾನುಮತಿಯ ಜೊತೆ ಪಗಡೆಯಾಡುವಾಗ ಹಾರ ಹರಿದು ಮುತ್ತು ಚೆಲ್ಲುತ್ತದೆ. ದುರ್ಯೋಧನ ಸಿಟ್ಟಾಗುವುದಿಲ್ಲ, ಆಯ್ದು ಕೊಡಲೇ ಎನ್ನುತ್ತಾನೆ. ಅಂಥವನನ್ನು ಹೇಗೆ ಬಿಟ್ಟು ಬರಲಿ ಎಂದು ಕರ್ಣನೇ ಮುಂದೆ ಹೇಳುತ್ತಾನೆ. ಸ್ನೇಹ ಅಂದರೆ ಹೀಗಿರಬೇಕು ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ. ಸಸ್ಪೆನ್ಸ್ ಬರೆಯುವವರು ಅದನ್ನು ಸ್ವಲ್ಪ ಭಯದಿಂದ ಓದಬೇಕು. ಅಂಗರಾಜ್ಯದ ಸಾಲವನ್ನಾದರೂ ಯುದ್ಧ ಮಾಡಿ ತೀರಿಸಬಹುದು. ಅನುಮಾನ ಪಡದೆ ನಿಂತ ಆ ಗಳಿಗೆಯ ಸಾಲ ತೀರಿಸುವುದು ಹೇಗೆ?

ನಿಮ್ಮ ಮಾಟುಂಗದವಳು ಇಲ್ಲಿಯವರೆಗೆ ಸೀರೆ, ದುಡ್ಡು, ಮೊಬೈಲ್ ಕೊಟ್ಟಿದ್ದಾಳೆ. ಸುಮ್ನೆ ದಂಡ. ಅವಳು ಒಂದು ಸಲ ಕ್ಷಮಿಸಲಿ. ಎಲ್ಲರೆದುರು, ನಗುತ್ತಾ. ಆಮೇಲೆ ಆ ಮಾತನ್ನು ಎತ್ತಲೇಬಾರದು. ಈಗ ಎತ್ತುತ್ತಾಳೆ, ಈಗ ಎತ್ತುತ್ತಾಳೆ ಅಂತ ಓದುವವರು ಕಾಯುತ್ತಾರೆ.

ಇನ್ನು ಕೊಲೆ. ಪೆಟ್ರೀಷಿಯಾ ಹೈಸ್ಮಿತ್ 1955ರಲ್ಲಿ ಬರೆದ ರಿಪ್ಲಿ ಕಾದಂಬರಿಯಲ್ಲಿ ಕೊಲೆ ಇದೆ. ಆದರೆ ಎದೆ ಝಲ್ಲೆನ್ನುವುದು ಅದಕ್ಕೂ ಮುಂಚೆ. ನಾಯಕ ಟಾಮ್ ರಿಪ್ಲಿ ತನ್ನ ಶ್ರೀಮಂತ ಗೆಳೆಯನ ಬಟ್ಟೆ ತೊಟ್ಟು ಕನ್ನಡಿ ಮುಂದೆ ನಿಂತಿರುವಾಗ ಆ ಗೆಳೆಯನೇ ಒಳಗೆ ಬರುತ್ತಾನೆ. ಅಷ್ಟು ದೂರ ಯಾಕೆ, ಚಿತ್ತಾಲರ ‘ಶಿಕಾರಿ’ (1979) ನಮ್ಮ ಮುಂಬೈಯದೇ ಅಲ್ವಾ? ನಾಗಪ್ಪ ಕೆಲಸದಿಂದ ಸಸ್ಪೆಂಡ್ ಆಗಿದ್ದಾನೆ, ಯಾಕೆ ಅಂತ ಅವನಿಗೇ ಗೊತ್ತಿಲ್ಲ. ಅವನನ್ನು ಕಾಡುವವರಲ್ಲಿ ಊರ ಕಡೆಯ ಶ್ರೀನಿವಾಸನೂ ಇದ್ದಾನೆ. ಇಷ್ಟು ದೊಡ್ಡ ಶಹರದಲ್ಲಿ ನಮ್ಮನ್ನು ಜಾಸ್ತಿ ಹೆದರಿಸಬಲ್ಲವರು ನಮ್ಮೂರಿನವರು. ಅವರಿಗೆ ನಮ್ಮ ಹಳೇ ಕಥೆ ಗೊತ್ತು. ನಿಮ್ಮ ಮಾಟುಂಗದವಳ ಊರು ನೀವು ಹೇಳೇ ಇಲ್ಲ. ಅವಳೂ ಹಾವೇರಿಯವಳಾಗಲಿ.

ಕಥೆ ತಿರುಗುವ ಜಾಗ ನಿಮಗೆ ಸಿಕ್ಕಿಲ್ಲ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಓದಿ. ಬಾಡಿಗೆ ಒಪ್ಪಂದ ಬರಹದಲ್ಲಿರಬೇಕು, ನೋಂದಣಿ ಆಗಿರಬೇಕು, ಅದನ್ನು ಮಾಡಿಸುವ ಹೊಣೆ ಮಾಲೀಕರದು. ಮಾಡಿಸದಿದ್ದರೆ, ಷರತ್ತುಗಳ ಬಗ್ಗೆ ಬಾಡಿಗೆದಾರರು ಹೇಳಿದ್ದೇ ನಡೆಯುತ್ತದೆ, ಅದು ಸುಳ್ಳೆಂದು ಸಾಬೀತಾಗುವ ತನಕ. ಈಗ ನೋಡಿ. ‘ನಮ್ಮಿಬ್ಬರ ನಡುವೆ ಕಾಗದ ಯಾಕೆ’ ಅಂತ ಮಾಟುಂಗದವಳು ಎರಡನೇ ಅಧ್ಯಾಯದಲ್ಲೇ ಧಾರಾಳವಾಗಿ ಹೇಳಿದ್ದಾಳೆ. ಹುಡುಗಿ ತಿಂಗಳು ತಿಂಗಳು ಕೈಗೆ ದುಡ್ಡು ಕೊಡುತ್ತಾಳೆ. ಒಂದು ತಿಂಗಳಿಂದ ಅವಳು ಅದನ್ನು ಮಾಟುಂಗದವಳ ಬ್ಯಾಂಕ್ ಖಾತೆಗೆ ಹಾಕಲು ಶುರು ಮಾಡಲಿ. ‘ಬಾಡಿಗೆ’ ಅಂತ ಬರೆದು. ತಾನು ಬಾಡಿಗೆದಾರಳು ಅನ್ನಲು ಅವಳ ಕೈಗೊಂದು ಸಾಕ್ಷಿ.

ಅದಕ್ಕೇ ಹೇಳುವುದು, ಕಥೆಯನ್ನು ಹುಡುಗಿಯ ಬಾಯಲ್ಲಿ ಹೇಳಿಸಬೇಡಿ. ಕೊಡುವವಳೇ ಹೇಳಲಿ. ಹುಡುಗಿಗೆ ಈ ಕಲಂ ಯಾರು ತಿಳಿಸಿದರು, ಯಾವಾಗ, ಅದೆಲ್ಲ ಬೇಡ. ಮಾಟುಂಗದವಳ ಮೊಬೈಲಿಗೆ ಬ್ಯಾಂಕಿನ ಮೆಸೇಜು ಬರಲಿ. ‘ಪಾಪ, ಎಷ್ಟು ಶಿಸ್ತು ಕಲಿತಿದೆ ಹುಡುಗಿ, ಎಲ್ಲ ನಾನೇ ಕಲಿಸಿದ್ದು’ ಅಂತ ಅವಳು ಹೆಮ್ಮೆಪಡಲಿ.

ಲೋಕಲ್ ಟ್ರೈನಿನ ಅಧ್ಯಾಯವನ್ನು ಮುಟ್ಟಬೇಡಿ. ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವಳಾಗಿ ಹುಡುಗಿ ಅರ್ಧ ಕೂತಿದ್ದಾಳೆ. ‘ಆರಾಮಾಗಿ ಕೂತ್ಕೋ’ ಅನ್ನುವ ಗೆಳತಿ ಒಂದಿಂಚೂ ಸರಿಯುವುದಿಲ್ಲ. ಚೆನ್ನಾಗಿ ಬಂದಿದೆ. ಪೊಲೀಸ್ ಇನ್‌ಸ್ಪೆಕ್ಟರನ್ನು ತೆಗೆದುಹಾಕಿ, ಅವನಿಗೆ ಇಲ್ಲಿ ಕೆಲಸವಿಲ್ಲ. ಕಿಂಗ್ಸ್ ಸರ್ಕಲ್ ಹತ್ತಿರದ ಆ ಹೋಟೆಲಿನ ಹೆಸರನ್ನೂ ದಯವಿಟ್ಟು ಬದಲಿಸಿ. ಮಾಲೀಕರು ನಮ್ಮ ಹಳೇ ಚಂದಾದಾರರು. ನಿಮ್ಮ ಟಿಪ್ಪಣಿ ನೋಡಿದರೆ, ಮುಂದೆ ಅವರ ಇಡ್ಲಿಯಲ್ಲೇ ವಿಷ ಬೆರೆಸುವ ಹಾಗೆ ಕಾಣುತ್ತದೆ.

— ಸಂ.