ಬೈರೂತ್‌ನ ಖಾತೆ, ಅಕ್ರಾದ ಅಂಗಡಿ

ನಾನು ಘಾನಾದ ಅಕ್ರಾದಲ್ಲಿ ಆಪ್ತಸಲಹೆ ಕೊಡುತ್ತಿದ್ದಾಗಿನ ಪ್ರಕರಣ ಇದು. ಗುರುತು ಸಿಗದಂತೆ ಕೆಲವು ವಿವರ ಬದಲಾಯಿಸಿದ್ದೇನೆ. ಲೆಬನಾನ್ ಮೂಲದ ಕುಟುಂಬ. ಮೊದಲು ಬಂದವರು ಸೊಸೆ. "ಮಾವ ಮತ್ತು ನನ್ನ ಗಂಡ ಒಬ್ಬರಿಗೊಬ್ಬರು ಮಾತಾಡಿ ಎಂಟು ತಿಂಗಳಾಯ್ತು. ಒಂದೇ ಅಂಗಡಿಯಲ್ಲಿ ಕೂತು ಚೀಟಿ ಬರೆದು ಕಳಿಸ್ತಾರೆ" ಎಂದರು.

ಆಕೆಯ ಗಂಡನ ಅಜ್ಜ ಬಟ್ಟೆಯ ಗಂಟು ಹೊತ್ತು ಮಾರಿದವರು. ಪಶ್ಚಿಮ ಆಫ್ರಿಕಾದ ಎಷ್ಟೋ ಲೆಬನಾನಿ ಮನೆಗಳ ಕತೆ ಹೀಗೇ ಶುರುವಾಗುತ್ತದೆ. ಅಪ್ಪ ಓದಲು ಲೆಬನಾನಿಗೆ ಹೋಗಿದ್ದವರು, 1975ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾದ ಮೇಲೆ ವಾಪಸ್ ಬಂದು ಟೈಲ್ಸ್ ಅಂಗಡಿ ಹಾಕಿದರು. ಉಳಿಸಿದ್ದನ್ನೆಲ್ಲ ಲೆಬನಾನಿನ ರಾಜಧಾನಿ ಬೈರೂತ್‌ನ ಬ್ಯಾಂಕಿಗೆ ಹಾಕುತ್ತಾ ಬಂದರು. ಡಾಲರ್ ಠೇವಣಿಗೆ ಅಲ್ಲಿ ಒಳ್ಳೆ ಬಡ್ಡಿ ಸಿಗುತ್ತಿತ್ತು. 1997ರಿಂದ ಡಾಲರಿಗೆ ಸುಮಾರು 1,507 ಲೆಬನಾನಿ ಪೌಂಡ್ ಎಂಬ ದರ ಕದಲದೆ ನಿಂತಿತ್ತು. ಮೇಲಾಗಿ ಅದು ಸ್ವಂತ ಊರು, ಅಲ್ವಾ? 2019ರ ಅಕ್ಟೋಬರಿನಲ್ಲಿ ಬ್ಯಾಂಕುಗಳು ಬಾಗಿಲು ಹಾಕಿದವು. ಮತ್ತೆ ತೆರೆದಾಗ ಡಾಲರ್ ಬೇಕಾದಷ್ಟು ಕೈಗೆ ಸಿಗಲಿಲ್ಲ.

ಅದರಲ್ಲಿ ಮಗನ ಹನ್ನೆರಡು ವರ್ಷದ ದುಡಿಮೆಯೂ ಇತ್ತು. ಸಂಬಳ ಅಂತ ಅವರು ಒಂದು ದಿನವೂ ತೆಗೆದುಕೊಂಡಿರಲಿಲ್ಲ. ಈಗ ಗೋದಾಮು ಅಡವಿಟ್ಟು ಪಕ್ಕದ ದೇಶ ಐವರಿ ಕೋಸ್ಟ್‌ನ ಅಬಿಜಾನ್‌ನಲ್ಲಿ ಬೇಕರಿ ಹಾಕುವ ಯೋಚನೆ ಅವರದು. ಅಪ್ಪ ಸುತರಾಂ ಒಪ್ಪುತ್ತಿಲ್ಲ.

ಅಪ್ಪ ಬಂದಾಗ ಬ್ಯಾಂಕ್ ಸ್ಟೇಟ್‌ಮೆಂಟ್ ಬಿಡಿಸಿ ಮೇಜಿನ ಮೇಲಿಟ್ಟರು. ಮಡಿಕೆಯ ಜಾಗದಲ್ಲಿ ಹರಿದು ಟೇಪ್ ಹಚ್ಚಿದ್ದರು. ಕೊನೆಯ ಮೊತ್ತದ ಕೆಳಗೆ ಬೆರಳಿಟ್ಟು, "ಹಣ ಇಲ್ಲೇ ಇದೆ ನೋಡಿ" ಎಂದರು. ಬೆರಳು ತೆಗೆಯಲೇ ಇಲ್ಲ. ಅದನ್ನು ನೋಡಿ ನನಗೆ ತುಂಬಾ ಸಂಕಟವಾಯಿತು.

ಲೆಬನಾನಿ ಮನೆಗಳಲ್ಲಿ ಅಪ್ಪ ಮಗನನ್ನೂ "ಬಾಬಾ" ಎಂದೇ ಕರೆಯುತ್ತಾರೆ, ನಾವು ಮಗನಿಗೆ "ಏನಪ್ಪಾ" ಅನ್ನುವ ಹಾಗೆ. ಆ ಮಾತು ಕೇಳಿ ಎಷ್ಟು ದಿನವಾಯಿತು ಎಂದು ಹೇಳುವಾಗ ಮಗನ ಗಂಟಲು ಕಟ್ಟಿತು. ಹಣಕ್ಕಿಂತ ಜಾಸ್ತಿ ನೋವು ಅಲ್ಲೇ ಇತ್ತು.

ಬೇಕರಿಯ ಮಾತು ಮೂರು ತಿಂಗಳು ಬೇಡ ಎಂದೆ. ಮೊದಲು ಆ ಹಣ ಹೋದದ್ದಕ್ಕೆ ಇಬ್ಬರೂ ಒಟ್ಟಿಗೆ ಕೂತು ದುಃಖಪಡಬೇಕು. ಹೋಯಿತು ಎಂದು ಅಪ್ಪ ಬಾಯಿಬಿಟ್ಟು ಹೇಳಬೇಕು. "ಯಾಕೆ ಹಾಕಿದಿರಿ" ಎಂದು ಮಗ ಕೇಳದೆ, "ನನ್ನನ್ನು ಯಾಕೆ ಕೇಳಲಿಲ್ಲ" ಎಂದು ಕೇಳಬೇಕು. ಎರಡೂ ಬೇರೆ ಪ್ರಶ್ನೆಗಳು. ಮಗನಿಗೆ ಈ ತಿಂಗಳಿಂದಲೇ ಸಂಬಳ ಕೊಡಿ, ಲೆಕ್ಕದ ಪುಸ್ತಕದಲ್ಲಿ ಬರೆದಿಡಿ ಎಂದು ಅಪ್ಪನಿಗೆ ಹೇಳಿದೆ. ಹೊಸ ವ್ಯಾಪಾರ ಮುಳುಗಿದರೂ ಮನೆ ನಡೆಯಬೇಕು, ಅದಕ್ಕೆ ಅಷ್ಟೇ ಹಣ ಹಾಕಿ, ಗೋದಾಮು ಮುಟ್ಟಬೇಡಿ ಎಂದು ಮಗನಿಗೆ ಹೇಳಿದೆ. ಠೇವಣಿಯ ವಿಷಯ ವಕೀಲರಿಗೆ ಬಿಡಿ ಎಂದೆ. ಅಪ್ಪನಿಗೆ ರಾತ್ರಿ ನಿದ್ದೆ ಇರಲಿಲ್ಲ, ಅದಕ್ಕೆ ವೈದ್ಯರ ಹತ್ತಿರ ಕಳಿಸಿದೆ.

ಐದನೇ ಭೇಟಿಯ ಹೊತ್ತಿಗೆ ಚೀಟಿಗಳು ನಿಂತಿದ್ದವು. ಸ್ಟೇಟ್‌ಮೆಂಟನ್ನು ಸೊಸೆ ತಮ್ಮ ಕಪಾಟಿನಲ್ಲಿ ಇಟ್ಟುಕೊಂಡಿದ್ದರು. ಬೇಕರಿ ಇನ್ನೂ ತೀರ್ಮಾನವಾಗಿರಲಿಲ್ಲ.